ದಂಡ ಕಟ್ಟಿದ ಮೇಲೆ ಕೇಬಲ್ ಡಬ್ಬಿ ಯಾರದ್ದು?

ಅಲೆಮಾರಿ_ಎಡಿಸನ್

ಎಲ್ಲರಿಗೂ ನಮಸ್ಕಾರ. ಸಣ್ಣ ವಿಷಯ, ಆದರೆ ಮೂರು ದಿನದಿಂದ ಮನೆಯಲ್ಲಿ ಇದೇ ಜಗಳ.

ಏಳು ತಿಂಗಳ ಹಿಂದೆ ನ್ಯೂಜೆರ್ಸಿಯಲ್ಲೇ ಒಂದು ಅಪಾರ್ಟ್‌ಮೆಂಟಿನಿಂದ ಇನ್ನೊಂದು ಮನೆಗೆ ಬಂದೆವು. ಹಳೇ ಮನೆಯಲ್ಲಿ ಕೇಬಲ್ ಕಂಪನಿಯ ಇಂಟರ್ನೆಟ್ ಇತ್ತು. ಮೋಡೆಮ್ ಅವರದ್ದೇ, ತಿಂಗಳಿಗೆ 14 ಡಾಲರ್ ಬಾಡಿಗೆ. ಕನೆಕ್ಷನ್ ತೆಗೆಸಿದಾಗ ಅದನ್ನು ವಾಪಸ್ ಕೊಡಬೇಕಿತ್ತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಸಾಮಾನು ಸಾಗಿಸಿದವರ ಮೇಲೆ ಅನುಮಾನ ಪಟ್ಟೆವು. ಕೊನೇ ಬಿಲ್ಲಿನಲ್ಲಿ ಉಪಕರಣ ವಾಪಸ್ ಬಂದಿಲ್ಲ ಅಂತ 140 ಡಾಲರ್ ಹಾಕಿದ್ದರು. ಬೈದುಕೊಂಡೇ ಕಟ್ಟಿದೆ.

ಮೊನ್ನೆ ಶನಿವಾರ ಇಡ್ಲಿ ಪಾತ್ರೆ ಹುಡುಕಿಕೊಂಡು ಗ್ಯಾರೇಜಿಗೆ ಹೋದೆ. ಒಂದು ರಟ್ಟಿನ ಡಬ್ಬ ಬಿಚ್ಚಿದರೆ, ಕುಕ್ಕರ್ ಮುಚ್ಚಳದ ಕೆಳಗೆ, ಹೆಂಡತಿಯ ಹಳೇ ದುಪಟ್ಟಾದಲ್ಲಿ ಸುತ್ತಿಟ್ಟ ಮೋಡೆಮ್! ಸುತ್ತಿದವನು ನಾನೇ. ಒಡೆದುಹೋದೀತು ಅಂತ ಜೋಪಾನ ಮಾಡಿದ್ದೆ.

ಈಗ ಇದು ನಂದಾ, ಅವರದ್ದಾ? ನಾನು ನಂದೇ ಅಂತೀನಿ. ನನ್ನಾಕೆ ವಾಪಸ್ ಕೊಡಿ ಅಂತಾಳೆ. ತಳದಲ್ಲಿ ಬೆರಳಗಲದ ಸ್ಟಿಕ್ಕರ್ ಇದೆ: ಬಾರ್‌ಕೋಡ್, ಸೀರಿಯಲ್ ನಂಬರ್, ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಇದು ಕಂಪನಿಯ ಸ್ವತ್ತು'.

ಚುರುಮುರಿ88

ದುಡ್ಡು ಕೊಟ್ಟಾಯ್ತು, ವಸ್ತು ಕೈಯಲ್ಲಿದೆ. ಇನ್ನೇನು ಬೇಕು? ನಿಮ್ಮದೇ. ಆನ್‌ಲೈನಲ್ಲಿ ಮಾರಿ, 40 ಡಾಲರಾದರೂ ಬರುತ್ತೆ.

ಪುಳಿಯೋಗರೆ_ಪ್ರಿಯ

ಮಾರಬೇಡಿ. ಅಂಥ ಮೋಡೆಮ್ ಕೊಂಡುಕೊಂಡ ಪೆದ್ದ ನಾನು.

ಎರಡು ವರ್ಷದ ಹಿಂದೆ ನಮ್ಮ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ 15 ಡಾಲರಿಗೆ ಮೋಡೆಮ್ ಸಿಕ್ಕಿತು. ಹೊಸದರ ಹಾಗೆ ಹೊಳೀತಿತ್ತು. ಮನೆಗೆ ತಂದು ತಂತಿ ಸಿಕ್ಕಿಸಿ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ನಂಬರ್ ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮೌನ. ಆಮೇಲೆ, 'ಸರ್, ಇದು ಬೇರೆ ಗ್ರಾಹಕರ ಖಾತೆಯಲ್ಲಿ ವಾಪಸ್ ಬಂದಿಲ್ಲ ಅಂತ ಇದೆ, ಆ್ಯಕ್ಟಿವೇಟ್ ಮಾಡೋಕಾಗಲ್ಲ.' ನಾನೇ ಕದ್ದವನ ಹಾಗೆ ಮಾತಾಡಿಸಿದರು. ಮಾರಿದ ಅಜ್ಜಿ ದಂಡ ಕಟ್ಟಿದ್ದರೋ ಇಲ್ಲವೋ ದೇವರಿಗೇ ಗೊತ್ತು. ನನ್ನ 15 ಡಾಲರ್ ಹೋಯಿತು.

ಕೇಬಲ್_ಕೆಲಸದವ

ಆರು ವರ್ಷ ಮನೆ ಮನೆಗೆ ಹೋಗಿ ಕೇಬಲ್ ಹಾಕಿದ್ದೇನೆ. ಕಾನೂನು ನನಗೆ ಬರಲ್ಲ, ಡಬ್ಬಿಯೊಳಗಿನದ್ದು ಬರುತ್ತೆ.

ಕೇಬಲ್ ಮೋಡೆಮ್ ಅಂಗಡಿಯಿಂದ ತಂದ ಫ್ಯಾನ್ ಥರ ಅಲ್ಲ. ತಂತಿ ಸಿಕ್ಕಿಸಿದ ತಕ್ಷಣ ತಿರುಗಲ್ಲ. ಪ್ರತಿ ಮೋಡೆಮ್‌ಗೂ 12 ಅಂಕಿ-ಅಕ್ಷರದ ಮ್ಯಾಕ್ ಅಡ್ರೆಸ್, ಅಂದರೆ ಅದರದ್ದೇ ಗುರುತಿನ ನಂಬರ್ ಇರುತ್ತೆ. ಒಳಗೆ ತಯಾರಕರೇ ಹಾಕಿದ ಡಿಜಿಟಲ್ ಸರ್ಟಿಫಿಕೇಟ್ ಕೂಡ ಇರುತ್ತೆ. ಆನ್ ಆದಾಗ ಅದು ಕಂಪನಿಯ ಯಂತ್ರಕ್ಕೆ 'ನಾನು ಇಂಥವನು' ಅಂತ ಹೇಳಿಕೊಳ್ಳುತ್ತೆ. ಆ ನಂಬರ್ ಯಾವ ಖಾತೆಗೆ ಸೇರಿದ್ದು ಅಂತ ಅವರು ನೋಡುತ್ತಾರೆ. ಖಾತೆ ಸರಿ ಇದ್ದರೆ ಒಂದು ಕಾನ್ಫಿಗ್ ಫೈಲ್ ಕಳಿಸುತ್ತಾರೆ. ನಿಮ್ಮ ಸ್ಪೀಡ್ ಎಷ್ಟು ಅನ್ನೋದೂ ಆ ಫೈಲಿನಲ್ಲೇ ಇರೋದು. ಫೈಲ್ ಬರಲಿಲ್ಲ ಅಂದರೆ ದೀಪ ಮಿಣಮಿಣ ಅಂತಿರುತ್ತೆ, ಅಷ್ಟೇ.

ಇನ್ನು ಬಾಡಿಗೆಗೆ ಕೊಡುವ ಮಾಡೆಲ್‌ಗಳಲ್ಲಿ ಸಾಫ್ಟ್‌ವೇರ್ ಕಂಪನಿಯದ್ದೇ. ಬೇರೆ ಕಂಪನಿಯವರು ಅವನ್ನು ತಮ್ಮ ಪಟ್ಟಿಗೇ ಸೇರಿಸಿಕೊಳ್ಳಲ್ಲ. ಟಿವಿಯ ಸೆಟ್‌ಟಾಪ್ ಬಾಕ್ಸ್ ಕಥೆ ಇನ್ನೂ ಕಷ್ಟ. ಹೆಡ್‌ಎಂಡ್, ಅಂದರೆ ಚಾನೆಲ್ ಕಳಿಸುವ ಕಂಪನಿಯ ಕೇಂದ್ರದಿಂದ ಅನುಮತಿ ಬರದೆ ಒಂದು ಚಾನೆಲ್ಲೂ ತೆರೆಯಲ್ಲ.

ಅದಕ್ಕೇ ಹೇಳೋದು, ಕಾಗದದ ಮೇಲೆ ನಿಮ್ಮದಾದರೂ ಕೆಲಸಕ್ಕೆ ಬಾರದ ಡಬ್ಬಿ. ಬೀಗ ನಿಮ್ಮದು, ಕೀಲಿಕೈ ಅವರದ್ದು.

ಚುರುಮುರಿ88

ಹಾಗಾದರೆ 140 ಡಾಲರ್ ಯಾಕೆ ಕೊಟ್ಟಿದ್ದು? ಬೀಗಕ್ಕಾ?

ಲಾ_ಓದಿದ_ಸೊಸೆ

ಅಲ್ಲೇ ಇರೋದು ಗುಟ್ಟು. ಸ್ವಲ್ಪ ಉದ್ದ ಬರೀತೀನಿ, ಕಾಫಿ ಇಟ್ಟುಕೊಂಡು ಓದಿ.

ಆ 140 ಡಾಲರ್ ಬೆಲೆ ಅಲ್ಲ. ನಷ್ಟ ಪರಿಹಾರ. ಕೇಳೋಕೆ ಎರಡೂ ಒಂದೇ ಥರ ಇದೆ, ಅಲ್ವಾ? ಆದರೆ ಮಾರಾಟ ಅಂದರೆ ಒಬ್ಬ ಕೊಡ್ತೀನಿ ಅನ್ನಬೇಕು, ಇನ್ನೊಬ್ಬ ತಗೋತೀನಿ ಅನ್ನಬೇಕು. ಇಲ್ಲಿ ಕಂಪನಿ ಯಾವತ್ತೂ ಕೊಡ್ತೀನಿ ಅಂದಿಲ್ಲ. ನೀವು ವಾಪಸ್ ಕೊಡ್ತೀನಿ ಅಂದಿದ್ದಿರಿ, ಕೊಡಲಿಲ್ಲ. ಮಾತು ತಪ್ಪಿದ್ದಕ್ಕೆ ಮೊದಲೇ ನಿಗದಿ ಮಾಡಿದ ಮೊತ್ತ ಅದು. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಲೈಬ್ರರಿ ನೆನಪಿಸಿಕೊಳ್ಳಿ. ಪುಸ್ತಕ ಕಳೆದರೆ ದುಡ್ಡು ಕಟ್ಟಿ 'ನೋ ಡ್ಯೂ' ತಗೋತಿದ್ದಿರಿ. ಆಮೇಲೆ ಹಾಸ್ಟೆಲ್ ಮಂಚದ ಕೆಳಗೆ ಪುಸ್ತಕ ಸಿಕ್ಕರೆ? ಅದರ ಮೇಲೆ ಕಾಲೇಜಿನ ಸೀಲು ಹಾಗೇ ಇರುತ್ತಿತ್ತು.

ಈಗ ಇನ್ನೊಂದು ಮಗ್ಗುಲು. ಇಂಗ್ಲಿಷ್ ಕಾಮನ್ ಲಾದಲ್ಲಿ 'ಕನ್ವರ್ಷನ್' ಅಂತ ಒಂದು ತಪ್ಪು ಇದೆ. ಬೇರೆಯವರ ವಸ್ತುವನ್ನು ತನ್ನದರ ಹಾಗೆ ಇಟ್ಟುಕೊಳ್ಳೋದು. ಅಮೆರಿಕದ ಕೋರ್ಟುಗಳಲ್ಲೂ ಅದೇ ಹಳೇ ನಿಯಮ ನಡೆದುಬಂದಿದೆ. ವಸ್ತುವಿನ ಪೂರ್ತಿ ಬೆಲೆ ಕೊಡು ಅಂತ ಕೋರ್ಟ್ ತೀರ್ಪು ಕೊಟ್ಟು, ಆ ದುಡ್ಡು ಪೂರ್ತಿ ಸಂದಾಯ ಆದ ಮೇಲೆ ವಸ್ತು ದುಡ್ಡು ಕೊಟ್ಟವನದ್ದಾಗುತ್ತೆ. ಬಲವಂತದ ಮಾರಾಟ ಅಂತಾರೆ ಅದನ್ನು. ವಸ್ತುವೂ ಬೇಕು, ಅದರ ಪೂರ್ತಿ ಬೆಲೆಯೂ ಬೇಕು ಅಂದರೆ ನ್ಯಾಯ ಅಲ್ಲ ಅನ್ನೋದು ಅದರ ಹಿಂದಿನ ಯೋಚನೆ. ಚುರುಮುರಿಯವರ ಹೊಟ್ಟೆಯುರಿಗೆ ಇದೇ ಆಧಾರ. ಅದು ತಪ್ಪು ಅಂತ ನಾನು ಹೇಳಲ್ಲ.

ಆದರೆ ಅಲೆಮಾರಿಯವರ ವಿಷಯದಲ್ಲಿ ಕೋರ್ಟೂ ಇಲ್ಲ, ತೀರ್ಪೂ ಇಲ್ಲ. ಇರೋದು ಒಪ್ಪಂದ. ನಾವು ಓದದೆ 'ಐ ಅಗ್ರೀ' ಒತ್ತಿದ್ದು. ಅದರಲ್ಲಿ ಏನು ಬರೆದಿದೆಯೋ ಮೊದಲು ಅದನ್ನು ನೋಡಬೇಕು. ಕೆಲವು ಒಪ್ಪಂದಗಳು ಶುಲ್ಕ ಕಟ್ಟಿದರೂ ಒಡೆತನ ಬದಲಾಗಲ್ಲ ಅಂತ ನೇರವಾಗಿ ಹೇಳುತ್ತವೆ. ಕೆಲವು ಆ ಬಗ್ಗೆ ತುಟಿ ಬಿಚ್ಚಲ್ಲ. ಬಾಯಿ ಮುಚ್ಚಿಕೊಂಡಿರುವ ಒಪ್ಪಂದ ಆದರೆ ನಿಮ್ಮ ವಾದಕ್ಕೆ ಬಲ ಇದೆ. ಇವತ್ತಿನ ವೆಬ್‌ಸೈಟ್ ನೋಡಬೇಡಿ, ನೀವು ಸೇರಿದ ವರ್ಷದ್ದು ಮತ್ತು ಆಮೇಲೆ ಅವರು ಬದಲಾಯಿಸಿದ್ದು ಹುಡುಕಿ. ಸುಮ್ನೆ 'ಕಸ್ಟಮರ್ ಕೇರ್ ಹುಡುಗ ಇಟ್ಕೊಳ್ಳಿ ಅಂದ' ಅನ್ನೋದು ನಿಲ್ಲಲ್ಲ.

ಅಲೆಮಾರಿ_ಎಡಿಸನ್

ಅಯ್ಯೋ, ನಿಜಕ್ಕೂ ಹಾಗೇ ಅಂದ! ನಿನ್ನೆ ಫೋನ್ ಮಾಡಿದ್ದೆ. ಮೊದಲನೆಯವನು 'ಇಟ್ಕೊಳ್ಳಿ ಸರ್, ನಿಮ್ಮದೇ' ಅಂದ. ಅನುಮಾನ ಬಂದು ಮತ್ತೆ ಮಾಡಿದೆ. ಈ ಸಲ ಒಬ್ಬ ಹೆಂಗಸು, 'ಇಲ್ಲ, ಅದು ನಮ್ಮದೇ, ವಾಪಸ್ ಕೊಟ್ಟರೆ ಶುಲ್ಕ ವಾಪಸ್ ಆಗಬಹುದು' ಅಂದಳು. ಆಗಬಹುದಾ, ಆಗುತ್ತಾ ಅಂದೆ. ಆಗಬಹುದು ಅಂದಳು.

ರಾಗಿಮುದ್ದೆ_ರಾಲಿ

ವಾಪಸ್ ಕೊಟ್ಟರೆ ದುಡ್ಡು ವಾಪಸ್ ಕೊಡ್ತಾರೆ ಅಂದರೆ ಅವರೇ ಅದನ್ನು ಮಾರಾಟ ಅಂತ ನೋಡ್ತಿಲ್ಲ ಅಂತ ಅರ್ಥ. ಹಲವು ಕಂಪನಿಗಳು ಒಂದು ಗಡುವಿನೊಳಗೆ ತಡವಾಗಿ ಕೊಟ್ಟರೂ ಶುಲ್ಕ ತೆಗೆದುಹಾಕುತ್ತವೆ. ನನಗೆ ಮೂರನೇ ತಿಂಗಳಲ್ಲಿ ಕೊಟ್ಟಾಗಲೂ ಸಿಕ್ಕಿತು.

ಒಂದು ಮಾತು. ಡಬ್ಬಿ ಹಿಡಿದುಕೊಂಡು ಪಾರ್ಸೆಲ್ ಅಂಗಡಿಗೆ ಹೋದಾಗ ಅವರು ಸ್ಕ್ಯಾನ್ ಮಾಡೋವರೆಗೂ ಅಲ್ಲಿಂದ ಕದಲಬೇಡಿ. ಚೀಟಿ ಕೊಡ್ತಾರೆ, ಅದರಲ್ಲಿ ನಿಮ್ಮ ಮೋಡೆಮ್‌ನ ಸೀರಿಯಲ್ ನಂಬರ್ ಇದೆಯಾ ಅಂತ ಅಂಕಿ ಅಂಕಿ ನೋಡಿ. ಸ್ಟಿಕ್ಕರ್ ಮೇಲೆ ಎರಡು ಬಾರ್‌ಕೋಡ್ ಇರುತ್ತೆ. ನನ್ನ ಸಲ ಅವನು ತಪ್ಪಾದದ್ದನ್ನು ಸ್ಕ್ಯಾನ್ ಮಾಡಿದ್ದ. ಆ ಚೀಟಿ ಬಿಸಿಲಿಗೆ ಮಾಸುವ ಥರ್ಮಲ್ ಪೇಪರ್. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಒಂದು ಬೇಸಿಗೆ ಕಳೆದರೆ ಬರೀ ಬಿಳಿ ಕಾಗದ. ತಕ್ಷಣ ಫೋಟೋ ತೆಗೀರಿ.

ಹಳೇಫೋನ್_ಮಾವ

ಮಕ್ಕಳೇ, ನಿಮಗಿಂತ ಹಳೇ ಕಥೆ ಒಂದಿದೆ.

ನಾನು ಅಮೆರಿಕಕ್ಕೆ ಬಂದಾಗ ಮನೆಯ ಫೋನೇ ಬಾಡಿಗೆಯದ್ದು. ತಂತಿಯಿಂದ ಹಿಡಿದು ರಿಸೀವರ್‌ವರೆಗೂ ಬೆಲ್ ಸಿಸ್ಟಮ್ ಅನ್ನೋ ಫೋನ್ ಕಂಪನಿಯದ್ದು. ಫೋನ್ ತಿರುಗಿಸಿ ತಳ ನೋಡಿದರೆ 'ಬೆಲ್ ಸಿಸ್ಟಮ್ ಪ್ರಾಪರ್ಟಿ, ನಾಟ್ ಫಾರ್ ಸೇಲ್' ಅಂತ ಅಚ್ಚು ಹಾಕಿರುತ್ತಿದ್ದರು. ಬಹಳ ಕಾಲ ಬೇರೆಯವರ ಉಪಕರಣ ತಂದು ಲೈನಿಗೆ ಸಿಕ್ಕಿಸುವ ಹಾಗೇ ಇರಲಿಲ್ಲ. 1968ರಲ್ಲಿ ಎಫ್‌ಸಿಸಿ (ಫೋನ್, ಕೇಬಲ್ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ) ಕಾರ್ಟರ್‌ಫೋನ್ ತೀರ್ಮಾನ ಕೊಟ್ಟ ಮೇಲೆ ಆ ಗೋಡೆ ಬಿರುಕು ಬಿಟ್ಟಿತು. ಟೆಕ್ಸಾಸಿನ ಒಬ್ಬ ಮನುಷ್ಯ ರೇಡಿಯೋವನ್ನು ಫೋನಿಗೆ ಜೋಡಿಸುವ ಪೆಟ್ಟಿಗೆ ಮಾಡಿದ್ದ, ಜಗಳ ಶುರುವಾಗಿದ್ದು ಅದರಿಂದ. 1984ರಲ್ಲಿ ಕಂಪನಿಯೇ ಒಡೆದು ಹೋಳಾಯಿತು. ಆ ಹೊತ್ತಿಗೆ ಫೋನನ್ನು ಕೊಂಡುಕೊಳ್ಳಬಹುದಾಗಿತ್ತು. ಎಷ್ಟೋ ವಯಸ್ಸಾದವರಿಗೆ ಅದು ತಿಳಿಯಲೇ ಇಲ್ಲ, ವರ್ಷಗಟ್ಟಲೆ ಬಾಡಿಗೆ ಕಟ್ಟುತ್ತಲೇ ಇದ್ದರು.

ತಮಾಷೆ ಏನು ಗೊತ್ತಾ? 'ಮಾರಾಟಕ್ಕಲ್ಲ' ಅಂತ ಅಚ್ಚಿರುವ ಅದೇ ಫೋನುಗಳು ಈಗ ಹಳೇ ಸಾಮಾನಿನ ಅಂಗಡಿಯಲ್ಲಿ ರಾಜಾರೋಷವಾಗಿ ಮಾರಾಟಕ್ಕಿವೆ. ಆ ಅಚ್ಚು ಇದೆ ಅಂತಲೇ ಜಾಸ್ತಿ ಬೆಲೆ. ಸ್ಟಿಕ್ಕರ್ ನೋಡಿ ಹೆದರಬೇಡಿ ಅಂತ ಹೇಳೋಕೆ ಇಷ್ಟು ಬರೆದೆ.

ಲಾ_ಓದಿದ_ಸೊಸೆ

ಮಾವ, ಸ್ಟಿಕ್ಕರ್ ಒಂದೇ ಸಾಕ್ಷಿ ಅಲ್ಲ, ಒಪ್ಪುತ್ತೇನೆ. ಆದರೆ 40 ವರ್ಷ ಕಾಯಲು ಅಲೆಮಾರಿಯವರು ತಯಾರಿದ್ದಾರಾ?

ಮೈಸೂರಿನಿಂದ

ಇಲ್ಲಿ ಊರಿನಲ್ಲೂ ಹಾಗೇ. ಬೆಂಗಳೂರು, ಮೈಸೂರಿನಲ್ಲಿ ಕೇಬಲ್ ಟಿವಿ ಡಿಜಿಟಲ್ ಆಗೋಕೆ 2013ರ ಮಾರ್ಚ್ 31ರ ಗಡುವು ಅಂತ ಎಲ್ಲರೂ ಓಡಿ ಓಡಿ ಸೆಟ್‌ಟಾಪ್ ಬಾಕ್ಸ್ ಹಾಕಿಸಿಕೊಂಡೆವು. ಅಪ್ಪ 1,200 ರೂಪಾಯಿ ಕೊಟ್ಟರು. ರಸೀದಿ ಇಲ್ಲ. ಆಮೇಲೆ ಆಪರೇಟರ್ ಬದಲಾದ, ಹೊಸ ಡಬ್ಬಿ. ಮತ್ತೆ ಡಿಟಿಎಚ್, ಇನ್ನೊಂದು ಡಬ್ಬಿ. ಅಟ್ಟದ ಮೇಲೆ ಮೂರು ಕೂತಿವೆ. ಕೊಂಡಿದ್ದಾ, ಬಾಡಿಗೆಯಾ, ಇನ್‌ಸ್ಟಾಲೇಶನ್ ಚಾರ್ಜಾ ಅಂತ ಅಪ್ಪನಿಗೂ ಗೊತ್ತಿಲ್ಲ, ಆಪರೇಟರನಿಗೂ ಗೊತ್ತಿಲ್ಲ. ಒಂದೇ ಡಬ್ಬಿ ಎಲ್ಲ ಕಡೆ ನಡೆಯಬೇಕು ಅಂತ 2020ರ ಏಪ್ರಿಲ್‌ನಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಶಿಫಾರಸು ಮಾಡಿತ್ತು. ನಮ್ಮ ಅಟ್ಟಕ್ಕೆ ಇನ್ನೂ ಆ ಸುದ್ದಿ ಮುಟ್ಟಿಲ್ಲ.

ನಮ್ಮ ಗ್ಯಾಸ್ ಸಿಲಿಂಡರ್ ನೋಡಿ. ಡಿಪಾಸಿಟ್ ಕಟ್ಟಿ ಎಷ್ಟು ವರ್ಷ ಅಡುಗೆ ಮಾಡಿದರೂ ಅದು ಕಂಪನಿಯದ್ದೇ. ಅದರ ಬಗ್ಗೆ ಯಾರೂ ಜಗಳ ಆಡಲ್ಲ. ಯಾಕೆ ಅಂದರೆ ವಾಪಸ್ ಕೊಟ್ಟರೆ ಡಿಪಾಸಿಟ್ ಕೊಡ್ತಾರೆ ಅಂತ ವೋಚರ್‌ನಲ್ಲೇ ಇದೆ.

ಚುರುಮುರಿ88

ಸಿಲಿಂಡರ್‌ಗೆ ತಿಂಗಳ ಬಾಡಿಗೆ ಇಲ್ಲವಲ್ಲ! ಇಲ್ಲಿ ಲೆಕ್ಕ ಹಾಕಿ. ಅಲೆಮಾರಿಯವರೇ, ಎಷ್ಟು ವರ್ಷ ಇಟ್ಟುಕೊಂಡಿದ್ದಿರಿ?

ಅಲೆಮಾರಿ_ಎಡಿಸನ್

ನಾಲ್ಕು ವರ್ಷ.

ಚುರುಮುರಿ88

14 ಗುಣಿಸು 48, ಅಂದರೆ 672 ಡಾಲರ್. ಮೇಲೆ 140. ಒಟ್ಟು 812. ನಾಲ್ಕು ವರ್ಷ ತೇದ ಹಳೇ ಮೋಡೆಮ್‌ಗೆ ಹೊಸದರ ಬೆಲೆ! ಇದನ್ನು ನಷ್ಟ ಪರಿಹಾರ ಅಂತ ಕರೀತೀರಾ?

ಲಾ_ಓದಿದ_ಸೊಸೆ

ಈ ಸಲ ನಿಮ್ಮ ಬಾಣ ಸರಿಯಾದ ಕಡೆ ಬಿದ್ದಿದೆ. ಒಡೆತನಕ್ಕಿಂತ ಗಟ್ಟಿಯಾದ ವಾದ ಇದು. ಮೊದಲೇ ನಿಗದಿ ಮಾಡಿದ ಪರಿಹಾರ ನಿಜವಾದ ನಷ್ಟಕ್ಕೆ ಸುಮಾರಾಗಿ ಹೊಂದಬೇಕು. ತೀರಾ ಮೀರಿದರೆ ಅದು ದಂಡ, ದಂಡವನ್ನು ಕೋರ್ಟುಗಳು ಎತ್ತಿಹಿಡಿಯಲ್ಲ. ಆದರೆ 140 ಡಾಲರಿಗೆ ಯಾರು ಕೋರ್ಟಿಗೆ ಹೋಗ್ತಾರೆ? ಎಷ್ಟೋ ಒಪ್ಪಂದದಲ್ಲಿ ಮಧ್ಯಸ್ಥಿಕೆಗೇ ಹೋಗಬೇಕು ಅನ್ನೋ ಷರತ್ತು ಬೇರೆ ಇರುತ್ತೆ. ಅದು ಅವರಿಗೂ ಗೊತ್ತು.

ಬಾಡಿಗೆಯ ಬಗ್ಗೆ ಒಂದು ಉಪಯೋಗದ ಕಾನೂನು ಇದೆ. 2019ರ ಟೆಲಿವಿಷನ್ ವ್ಯೂಯರ್ ಪ್ರೊಟೆಕ್ಷನ್ ಆ್ಯಕ್ಟ್. ಅದರ ಈ ಭಾಗ ಜಾರಿಗೆ ಬಂದಿದ್ದು 2020ರ ಡಿಸೆಂಬರ್ 20ಕ್ಕೆ. ನಿಮ್ಮದೇ ಮೋಡೆಮ್ ಬಳಸಿದರೆ ಕಂಪನಿ ಅದಕ್ಕೆ ಬಾಡಿಗೆ ಹಾಕುವಂತಿಲ್ಲ. ಅವರ ಉಪಕರಣ ವಾಪಸ್ ಕೊಟ್ಟ ಮೇಲಿನ ದಿನಗಳಿಗೂ ಬಾಡಿಗೆ ಹಾಕುವಂತಿಲ್ಲ. ನೀವು ದಂಡ ಕಟ್ಟಿದಿರಿ, ಆಮೇಲೂ ಬಾಡಿಗೆ ಬರ್ತಿದೆ ಅಂದರೆ ಸುಮ್ಮನಿರಬೇಡಿ.

ರಾಗಿಮುದ್ದೆ_ರಾಲಿ

ಎಫ್‌ಸಿಸಿ ವೆಬ್‌ಸೈಟಿನಲ್ಲಿ ದೂರು ಹಾಕೋಕೆ ದುಡ್ಡಿಲ್ಲ. ಕಂಪನಿ 30 ದಿನದಲ್ಲಿ ಉತ್ತರ ಕೊಡಬೇಕು. ಫೋನಿನಲ್ಲಿ ಮೂರು ವಾರ ಆಟ ಆಡಿಸಿದವರು ಈ ದೂರು ಹೋದ ಮೇಲೆ ತಾವಾಗೇ ಫೋನ್ ಮಾಡ್ತಾರೆ, ಅನುಭವದ ಮಾತು. ಗ್ರಾಹಕರು ಕೇಳದೇ ಇದ್ದ ಉಪಕರಣ, ಸೇವೆಗಳಿಗೆ ಬಿಲ್ ಹಾಕಿದ ಆರೋಪದಲ್ಲಿ 2016ರ ಅಕ್ಟೋಬರ್‌ನಲ್ಲಿ ಕಾಮ್‌ಕಾಸ್ಟ್ ಅನ್ನೋ ಕೇಬಲ್ ಕಂಪನಿ 23 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತ್ತು. ಅಂದರೆ ದೂರುಗಳನ್ನು ಯಾರೋ ಓದುತ್ತಾರೆ.

ಪುಳಿಯೋಗರೆ_ಪ್ರಿಯ

ನನ್ನ ತಮ್ಮ ದಂಡ ಕಟ್ಟದೇ ಬಿಟ್ಟ. 'ಡಬ್ಬಿ ಕೊಟ್ಟಿದ್ದೇನೆ, ಯಾಕೆ ಕಟ್ಟಲಿ' ಅಂತ. ಕೊಟ್ಟಿದ್ದು ನಿಜ, ಚೀಟಿ ಮಾತ್ರ ಇಲ್ಲ. ವಸೂಲಿ ಏಜೆನ್ಸಿಗೆ ಹೋಯಿತು. ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಕ್ರೆಡಿಟ್ ರಿಪೋರ್ಟಿನಲ್ಲಿ ಕಪ್ಪು ಚುಕ್ಕೆ. ಅಲ್ಲಿವರೆಗೂ ಅವನಿಗೆ ಗೊತ್ತೇ ಇಲ್ಲ.

ಲಾ_ಓದಿದ_ಸೊಸೆ

ಏಜೆನ್ಸಿಯಿಂದ ಮೊದಲ ನೋಟಿಸ್ ಬಂದ ಮೇಲೆ 30 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಹಾಕಬೇಕು. ಸಾಲ ನಿಜ ಅಂತ ತೋರಿಸೋವರೆಗೂ ಅವರು ವಸೂಲಿ ನಿಲ್ಲಿಸಬೇಕು. ನಿಮ್ಮ ತಮ್ಮನಿಗೆ ನೋಟಿಸ್ ಹಳೇ ಮನೆಗೆ ಹೋಗಿರಬೇಕು, ಅಲ್ವಾ? ಯಾವಾಗಲೂ ಅದೇ.

ಚುರುಮುರಿ88

ಸರಿ, ಊರಿಗೆ ತಗೊಂಡು ಹೋಗಿ ಅಪ್ಪನ ಮನೆಯಲ್ಲಿ ವೈಫೈಗೆ ಹಾಕಿದರೆ? ಅಲ್ಲಿ ಇವರ ಆಟ ನಡೆಯಲ್ಲವಲ್ಲ!

ಕೇಬಲ್_ಕೆಲಸದವ

ಊರಿನಲ್ಲಿ ಈಗ ಹೆಚ್ಚಿನ ಕಡೆ ಫೈಬರ್. ಇದರ ಹಿಂದೆ ಇರೋದು ಟಿವಿ ಕೇಬಲ್ ತಿರುಪು. ಎಲ್ಲಿಗೆ ತಿರುಗಿಸ್ತೀರಿ? ಬರೀ ವೈಫೈ ಡಬ್ಬಿಯಾಗಿ ಬಳಸೋಣ ಅಂದರೂ ಕಂಪನಿ ಸಾಫ್ಟ್‌ವೇರ್ ಬಹಳಷ್ಟು ಮಾಡೆಲ್‌ನಲ್ಲಿ ಬಿಡಲ್ಲ. ಸೂಟ್‌ಕೇಸಿನಲ್ಲಿ ಆ ಜಾಗಕ್ಕೆ ಎರಡು ಡಬ್ಬಿ ಬಾದಾಮಿ ಹಿಡಿಯುತ್ತೆ.

ಕಂಪನಿ ಇದನ್ನು ಯಾಕೆ ಇಷ್ಟು ಕೇಳುತ್ತೆ ಅಂತ ಯಾರೂ ಕೇಳಲಿಲ್ಲ. ವಾಪಸ್ ಬಂದ ಮೋಡೆಮ್ ಒರೆಸಿ, ನೆನಪು ಅಳಿಸಿ, ಹೊಸ ಕವರ್ ಹಾಕಿ ಮುಂದಿನ ಮನೆಗೆ ಕೊಡ್ತಾರೆ. ನಾನೇ ಕೊಟ್ಟಿದ್ದೇನೆ. ಒಂದರೊಳಗಿಂದ ಜಿರಲೆ ಸಂಸಾರ ಹೊರಗೆ ಬಂದಿತ್ತು. ಅದೇ ಡಬ್ಬಿ ಇನ್ನೊಂದು ಮನೆಯಲ್ಲಿ ಮತ್ತೆ 14 ಡಾಲರ್ ದುಡಿಯುತ್ತೆ. ಅವರಿಗೆ 140ಕ್ಕಿಂತ ಡಬ್ಬಿಯೇ ಲಾಭ.

ಹಳೇಫೋನ್_ಮಾವ

ಬಾಡಿಗೆ ಡಬ್ಬಿಯಲ್ಲಿ ದುಡ್ಡಿದೆ ಅನ್ನೋದು ಸುಳ್ಳಲ್ಲ. 2015ರಲ್ಲಿ ಇಬ್ಬರು ಸೆನೆಟರ್‌ಗಳು ಲೆಕ್ಕ ತೆಗೆಸಿದಾಗ, ಒಂದು ಮನೆ ಸೆಟ್‌ಟಾಪ್ ಬಾಕ್ಸ್ ಬಾಡಿಗೆಗೇ ವರ್ಷಕ್ಕೆ ಸರಾಸರಿ 231 ಡಾಲರ್ ಕೊಡ್ತಿತ್ತು. ಅಂಗಡಿಯಲ್ಲಿ ಬಾಕ್ಸ್ ಸಿಗುವ ಹಾಗೆ ಮಾಡಿ ಅಂತ 1996ರ ಕಾನೂನಿನಲ್ಲೇ ಇತ್ತು. 2016ರಲ್ಲಿ ಎಫ್‌ಸಿಸಿ ಮತ್ತೆ ಕೈ ಹಾಕಿತು, ಮುಂದಿನ ವರ್ಷ ಕೈಬಿಟ್ಟಿತು.

ಅಲೆಮಾರಿ_ಎಡಿಸನ್

ಎಲ್ಲರಿಗೂ ಥ್ಯಾಂಕ್ಸ್. ಒಪ್ಪಂದ ಹುಡುಕಿ ಓದಿದೆ. 11ನೇ ಪುಟದಲ್ಲಿ ಸಿಕ್ಕಿತು: ಶುಲ್ಕ ಕಟ್ಟಿದರೂ ಉಪಕರಣ ಕಂಪನಿಯದ್ದೇ. ಹೆಂಡತಿಗೆ ತೋರಿಸಲಿಲ್ಲ. ಅವಳೇ ಹಿಂದೆ ನಿಂತು ಓದಿದಳು.

ನಾಳೆ ಪಾರ್ಸೆಲ್ ಅಂಗಡಿಗೆ.

ಅಲೆಮಾರಿ_ಎಡಿಸನ್ (ಏಳು ವಾರದ ನಂತರ)

ಮುಂದೇನಾಯ್ತು ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದ್ದರು, ಅದಕ್ಕೆ ಬರೀತಿದ್ದೇನೆ.

ಅಂಗಡಿಯ ಹುಡುಗ ಮೊದಲು ತಪ್ಪು ಬಾರ್‌ಕೋಡೇ ಸ್ಕ್ಯಾನ್ ಮಾಡಿದ್ದು! ರಾಗಿಮುದ್ದೆಯವರಿಗೆ ನಮಸ್ಕಾರ. ಸರಿಮಾಡಿಸಿ ಚೀಟಿಯ ಫೋಟೋ ತೆಗೆದೆ. ಎರಡು ವಾರ ಏನೂ ಇಲ್ಲ. ಫೋನ್ ಮಾಡಿದರೆ 'ಗಡುವು ಮುಗಿದಿದೆ' ಅಂದರು. ಯಾವ ಗಡುವು, ಎಲ್ಲಿ ಬರೆದಿದೆ ಅಂದೆ. ಉತ್ತರ ಇಲ್ಲ. ಎಫ್‌ಸಿಸಿಗೆ ದೂರು ಹಾಕಿದೆ. ಒಂಬತ್ತನೇ ದಿನ ಕಂಪನಿಯ ಮೇಲಿನ ಆಫೀಸಿನಿಂದ ಒಬ್ಬರು ಬಹಳ ಸಕ್ಕರೆ ದನಿಯಲ್ಲಿ ಫೋನ್ ಮಾಡಿದರು. 140 ಡಾಲರ್ ಪೂರ್ತಿ ವಾಪಸ್.

ಚೆಕ್ ಕಳಿಸಿದ್ದು ಹಳೇ ಅಪಾರ್ಟ್‌ಮೆಂಟಿಗೆ. ಪೋಸ್ಟ್ ಆಫೀಸಿನಲ್ಲಿ ವಿಳಾಸ ಬದಲಾವಣೆ ಹಾಕಿದ್ದರಿಂದ ಹಳದಿ ಚೀಟಿ ಅಂಟಿಸಿಕೊಂಡು ಊರೆಲ್ಲ ಸುತ್ತಿ ಮೊನ್ನೆ ಬಂತು.

ನಿನ್ನೆ ಆ ರಟ್ಟಿನ ಡಬ್ಬ ಮಡಚಿ ಎಸೆಯೋಣ ಅಂತ ತೆಗೆದರೆ ತಳದಲ್ಲಿ ಮೋಡೆಮ್‌ನ ಪವರ್ ಅಡಾಪ್ಟರ್. ಕಳಿಸೋಕೆ ಮರೆತಿದ್ದೇನೆ, ಅವರೂ ಕೇಳಿಲ್ಲ. ಇದು ನಂದಾ, ಅವರದ್ದಾ?

ಲಾ_ಓದಿದ_ಸೊಸೆ

ದಯವಿಟ್ಟು ಶುರು ಮಾಡಬೇಡಿ.

ಕೇಬಲ್_ಕೆಲಸದವ

12 ವೋಲ್ಟಿನದ್ದಾ? ಇಟ್ಕೊಳ್ಳಿ, ನಮ್ಮ ಮನೆಯಲ್ಲಿ ಇಂಥವು ಆರಿವೆ.